ಕೊಟ್ಟುಬಿಟ್ಟ ತಟ್ಟೆಗಳು

2008ರಲ್ಲಿ ರಮಝಾನ್ ಸೆಪ್ಟೆಂಬರಿನಲ್ಲಿ ಬಂದಿತ್ತು. ಉಪವಾಸಗಳು ಅರ್ಧ ಮುಗಿಯುತ್ತಿದ್ದ ಹೊತ್ತಿಗೆ ಚೀನಾದಿಂದ ಒಂದು ಸುದ್ದಿ ಬಂತು. ಅಲ್ಲಿ ಶಿಶುಗಳಿಗೆ ಕುಡಿಸುವ ಹಾಲಿನ ಪುಡಿಯಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದಾರೆ, ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತಿದೆ ಎಂದು ಪತ್ರಿಕೆಗಳು ಬರೆದವು. ನಾವು ಅದನ್ನು ಓದಿದೆವು, ಆ ತಾಯಂದಿರಿಗಾಗಿ ಮರುಗಿದೆವು, ಪತ್ರಿಕೆ ಮಡಚಿಟ್ಟು ಇಫ್ತಾರಿನ ತಯಾರಿಗೆ ಎದ್ದೆವು. ಚೀನಾದ ಹಾಲಿನ ಪುಡಿಗೂ ನಮ್ಮ ಕರಾವಳಿಯ ಊರಿಗೂ ಏನು ಸಂಬಂಧ? ಆ ತಿಂಗಳು ಮುಗಿಯುವ ಮೊದಲೇ ನಮ್ಮ ಸರಕಾರವೂ ಚೀನಾದ ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು.

ಅದೇ ರಾತ್ರಿ ತೊಳೆದ ತಟ್ಟೆಗಳನ್ನು ಬೋರಲು ಹಾಕುತ್ತಿದ್ದ ನಮ್ಮ ಮನೆಯ ಹೈಸ್ಕೂಲು ಹುಡುಗಿ ಒಮ್ಮೆಲೇ ನಿಂತಳು. 'ಇದರಲ್ಲೂ ಅದೇ ಹೆಸರಿದೆ' ಎಂದಳು. ತಟ್ಟೆಯ ಬೆನ್ನಿನ ಮೇಲೆ ಇಂಗ್ಲಿಷಿನ ಸಣ್ಣ ಉಬ್ಬು ಅಕ್ಷರಗಳಲ್ಲಿ ಮೆಲಮೈನ್ ಎಂದು ಬರೆದಿತ್ತು. ಎಲ್ಲರೂ ಒಂದೊಂದು ತಟ್ಟೆ ತಿರುವಿ ನೋಡಿದೆವು. ಎಲ್ಲದರಲ್ಲೂ ಅದೇ. ಅರ್ಧ ಗಂಟೆಯ ಹಿಂದೆ ಅದೇ ಬಟ್ಟಲುಗಳಲ್ಲಿ ಬಿಸಿ ಬಿಸಿ ಜೀರಿಗೆ ಗಂಜಿ ಕುಡಿದಿದ್ದೆವು.

ಆ ತಟ್ಟೆಗಳು ನಮ್ಮ ಮನೆಗೆ ಸುಮ್ಮನೆ ಬಂದವಲ್ಲ. ದುಬೈಯಲ್ಲಿ ದುಡಿಯುತ್ತಿದ್ದ ಅಣ್ಣ ಮೊದಲ ಬಾರಿ ರಜೆಯಲ್ಲಿ ಬಂದಾಗ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ತಂದಿದ್ದ. ಬಿಳಿ ತಟ್ಟೆ, ಅಂಚಿಗೆ ಕೆಂಪು ಗುಲಾಬಿ ಹೂಗಳು, ಅದಕ್ಕೆ ಹೊಂದುವ ಬಟ್ಟಲುಗಳು. ಪಿಂಗಾಣಿಯಂತೆ ಕಾಣುತ್ತವೆ, ಆದರೆ ಬಿದ್ದರೆ ಒಡೆಯುವುದಿಲ್ಲ. ಆ ಕಾಲದಲ್ಲಿ ಗಲ್ಫಿಗೆ ಹೋದವರಿದ್ದ ಮನೆಗಳ ಗಾಜಿನ ಕಪಾಟಿನಲ್ಲಿ ಇಂಥ ಒಂದು ಸೆಟ್ಟು ಇದ್ದೇ ಇರುತ್ತಿತ್ತು. ಅದು ಬರಿಯ ತಟ್ಟೆಯಲ್ಲ, ಮನೆಯೊಂದು ಕಷ್ಟದಿಂದ ಮೇಲೆ ಬಂತು ಎನ್ನುವುದರ ಗುರುತು. ಉಮ್ಮ ಅವನ್ನು ಹಬ್ಬಕ್ಕೆ, ಮದುವೆ ಮಾತುಕತೆಗೆ ಬರುವವರಿಗೆ ಮತ್ತು ರಮಝಾನಿಗೆ ಮಾತ್ರ ಹೊರತೆಗೆಯುತ್ತಿದ್ದರು.

ಮರುದಿನ ತಟ್ಟೆಗಳು ಅಟ್ಟ ಸೇರಿದವು. ಹಬ್ಬ ಕಳೆದ ಮೇಲೆ ಉಮ್ಮನಿಗೆ ಅವು ಅಟ್ಟದಲ್ಲಿರುವುದೂ ಸರಿಬರಲಿಲ್ಲ. ಬಿಸಾಡಲು ಮನಸ್ಸಿಲ್ಲ, ಬಳಸಲು ಧೈರ್ಯವಿಲ್ಲ. ಕೊನೆಗೆ ನಾವು ಏನು ಮಾಡಿದೆವೆಂದರೆ, ಅವನ್ನು ಚೆನ್ನಾಗಿ ತೊಳೆದು ಒರೆಸಿ, ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ಕೊಟ್ಟುಬಿಟ್ಟೆವು. ಆಕೆಗೆ ಇಬ್ಬರು ಸಣ್ಣ ಮಕ್ಕಳಿದ್ದರು. 'ಇಷ್ಟು ಚಂದದ ತಟ್ಟೆ ಯಾಕೆ ಕೊಡುತ್ತೀರಿ?' ಎಂದು ಆಕೆ ಕೇಳಿದಾಗ 'ಹಳತಾಯಿತು, ಹೊಸತು ತರುತ್ತೇವೆ' ಎಂದೆವು. ಆಕೆ ಗೋಣಿಚೀಲದಲ್ಲಿ ಅವನ್ನು ಹೊತ್ತುಕೊಂಡು ಹೋದಳು. ನಮ್ಮಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಯಾರೂ ಬೇಡವೆನ್ನಲೂ ಇಲ್ಲ.

ಆ ಬಳಿಕ ಹಲವು ವರ್ಷ ಆ ವಿಷಯ ನಾವು ಮಾತಾಡಲಿಲ್ಲ. ಮೊಬೈಲು ಬಂದು ಎಲ್ಲರ ಕೈಗೂ ಸಂದೇಶಗಳು ತಲುಪುವಂತಾದ ಮೇಲೆ ಪ್ರತಿ ವರ್ಷ ಒಮ್ಮೆಯಾದರೂ 'ಮೆಲಮೈನ್ ತಟ್ಟೆಯಲ್ಲಿ ಉಂಡರೆ ಕ್ಯಾನ್ಸರ್' ಎಂಬ ಎಚ್ಚರಿಕೆ ಬರುತ್ತಿತ್ತು. ಪ್ರತಿ ಸಲ ಬಂದಾಗಲೂ ನಮಗೆ ಆ ಗೋಣಿಚೀಲದ ನೆನಪಾಗುತ್ತಿತ್ತು. ಕೊನೆಗೆ ಒಂದು ದಿನ ಕುಳಿತು, ನಿಜ ಏನೆಂದು ತಿಳಿದೇ ಬಿಡೋಣ ಎಂದು ಓದತೊಡಗಿದೆವು.

ತಿಳಿದದ್ದು ಇಷ್ಟು. ಮೆಲಮೈನ್ ಒಂದು ಬಿಳಿ ಪುಡಿ. ಅದರ ತೂಕದ ಮೂರನೆಯ ಎರಡು ಪಾಲು ಸಾರಜನಕ. ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಸಾಮಾನ್ಯ ಪರೀಕ್ಷೆ ಅಳೆಯುವುದೂ ಸಾರಜನಕವನ್ನೇ. ಆದ್ದರಿಂದ ಹಾಲಿಗೆ ನೀರು ಬೆರೆಸಿದವರು ಪರೀಕ್ಷೆಯ ಕಣ್ಣಿಗೆ ಮಣ್ಣೆರಚಲು ಈ ಪುಡಿ ಸೇರಿಸಿದರು. ಚೀನಾದಲ್ಲಿ ಕೆಲವು ಮಾದರಿಗಳ ಒಂದು ಕಿಲೋ ಹಾಲಿನ ಪುಡಿಯಲ್ಲಿ 2,500 ಮಿಲಿಗ್ರಾಂಗೂ ಹೆಚ್ಚು ಮೆಲಮೈನ್ ಸಿಕ್ಕಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಶಿಶುಗಳು ಸತ್ತವು. ಬೇರೆ ಆಹಾರವೇ ಇಲ್ಲದ ಹಸುಗೂಸುಗಳು ದಿನಕ್ಕೆ ಐದಾರು ಸಲ ಅದನ್ನೇ ಕುಡಿದಿದ್ದವು.

ತಟ್ಟೆಯ ಕತೆ ಬೇರೆ. ಮೆಲಮೈನನ್ನು ಫಾರ್ಮಾಲ್ಡಿಹೈಡ್ ಜೊತೆ ಸೇರಿಸಿ, ಬಿಸಿ ಮತ್ತು ಒತ್ತಡ ಕೊಟ್ಟರೆ ಎರಡೂ ಗಟ್ಟಿಯಾಗಿ ಹೆಣೆದುಕೊಂಡು ಮತ್ತೆ ಕರಗದ ಒಂದು ಪ್ಲಾಸ್ಟಿಕ್ ಆಗುತ್ತದೆ. ಹೆಣಿಗೆಗೆ ಸಿಗದೆ ಉಳಿದ ಅತ್ಯಲ್ಪ ಅಂಶ ತುಂಬಾ ಬಿಸಿಯಾದ, ಹುಳಿಯಾದ ಆಹಾರಕ್ಕೆ ಇಳಿಯಬಹುದು. ತೈವಾನಿನ ಸಂಶೋಧಕರು 12 ಮಂದಿಗೆ ಬಿಸಿ ನೂಡಲ್ಸ್ ಸೂಪನ್ನು ಒಮ್ಮೆ ಮೆಲಮೈನ್ ಬಟ್ಟಲಿನಲ್ಲಿ, ಇನ್ನೊಮ್ಮೆ ಪಿಂಗಾಣಿ ಬಟ್ಟಲಿನಲ್ಲಿ ಕೊಟ್ಟು, ಮುಂದಿನ 12 ಗಂಟೆಗಳ ಮೂತ್ರವನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೆಲಮೈನ್ ಬಟ್ಟಲಿನಲ್ಲಿ ಕುಡಿದವರಲ್ಲಿ 8.35 ಮೈಕ್ರೋಗ್ರಾಂ, ಪಿಂಗಾಣಿಯಲ್ಲಿ ಕುಡಿದವರಲ್ಲಿ 1.31 ಮೈಕ್ರೋಗ್ರಾಂ ಮೆಲಮೈನ್ ಸಿಕ್ಕಿತು. ಅಂದರೆ ಇಳಿಯುವುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2008ರ ಕೊನೆಗೆ ಹೇಳಿದ ಮಿತಿ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.2 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಅದು 12,000 ಮೈಕ್ರೋಗ್ರಾಂ ಆಗುತ್ತದೆ. ಸೂಪಿನಿಂದ ಬಂದದ್ದು ಅದರ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಮೆಲಮೈನನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ' ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಅದಕ್ಕೆ ಆಧಾರ ಇಲಿಗಳಿಗೆ ಬಹಳ ದೊಡ್ಡ ಪ್ರಮಾಣದಲ್ಲಿ ತಿನ್ನಿಸಿ ನೋಡಿದ ಪ್ರಯೋಗಗಳು.

ಆದ್ದರಿಂದ ಒಳ್ಳೆಯ ತಯಾರಿಕೆಯ ಮೆಲಮೈನ್ ತಟ್ಟೆಯಲ್ಲಿ ಅನ್ನ, ರೊಟ್ಟಿ, ಹಣ್ಣು ತಿನ್ನುವುದಕ್ಕೆ ಹೆದರಬೇಕಿಲ್ಲ. ಅದನ್ನು ಮೈಕ್ರೋವೇವ್ ಒಲೆಯಲ್ಲಿ ಇಡಬಾರದು, ಕುದಿಯುವ ಹುಳಿ ಸಾರನ್ನು ಅದರಲ್ಲಿ ಹೊತ್ತುಗಟ್ಟಲೆ ಬಿಡಬಾರದು, ಬಿರುಕು ಬಿಟ್ಟು ಮೈ ಒರಟಾದರೆ ಬಿಟ್ಟುಬಿಡಬೇಕು. ಇಷ್ಟೇ.

ಇದನ್ನು ತಿಳಿದಾಗ ನಮಗೆ ದೊಡ್ಡ ನೆಮ್ಮದಿಯಾಯಿತು. ಆಕೆಯ ಮಕ್ಕಳಿಗೆ ನಾವು ವಿಷ ಕೊಟ್ಟಿರಲಿಲ್ಲ. ಆದರೆ ಆ ನೆಮ್ಮದಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತಟ್ಟೆ ನಿರಪರಾಧಿ ಎಂದು ನಮಗೆ ಗೊತ್ತಾದದ್ದು ಈಗ. ಕೊಟ್ಟ ದಿನ ನಾವು ಅದನ್ನು ವಿಷವೆಂದೇ ನಂಬಿದ್ದೆವು. ನಂಬಿಯೇ ಕೊಟ್ಟೆವು. ನಮ್ಮ ಮಕ್ಕಳ ಬಾಯಿಗೆ ಆಗದ್ದು ಅವಳ ಮಕ್ಕಳ ಬಾಯಿಗೆ ಆದೀತು ಎಂದು ನಮ್ಮೊಳಗೆ ಎಲ್ಲೋ ಒಂದು ಲೆಕ್ಕ ನಡೆದಿತ್ತು. ಸಂಶೋಧನೆಗಳು ತಟ್ಟೆಯನ್ನು ಬಿಡುಗಡೆ ಮಾಡಬಹುದು, ಆ ಲೆಕ್ಕ ಮಾಡಿದವರನ್ನಲ್ಲ. ಆದರೂ ಆಕೆಯ ಬಳಿ ಹೋಗಿ ಹೇಳುವಷ್ಟು ಧೈರ್ಯ ನಮಗೆ ಆಗ ಬರಲಿಲ್ಲ. ಆಕೆ ಅಷ್ಟರಲ್ಲಿ ಕೆಲಸ ಬಿಟ್ಟು ಮಗನ ಜೊತೆ ಇದ್ದಳು.

ಹೋಗಬೇಕಾಗಿ ಬಂದದ್ದು 2025ರಲ್ಲಿ, ಬೇರೊಂದು ಕಾರಣಕ್ಕೆ. ಆ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಹೊರಡಿಸಿತು. ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯಬಹುದು, ಅಂಥವನ್ನು ಮಾರಬೇಡಿ, ಬಳಸಬೇಡಿ ಎಂದು. ಅವುಗಳಲ್ಲಿ ಭಾರತದಲ್ಲಿ ತಯಾರಾದ ಪಾತ್ರೆಯೂ ಇತ್ತು. ಹಿಂಡಾಲಿಯಂ ಎಂಬ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮೀನಿನ ಸಾರಿನ ನಮ್ಮ ಮನೆಯ ಪಾತ್ರೆಯೇ ಅದು. ಹೆಸರಿಲ್ಲದ, ಮುದ್ರೆಯಿಲ್ಲದ, ಸಂತೆಯಲ್ಲಿ ತೂಕಕ್ಕೆ ಮಾರುವ ಪಾತ್ರೆ. ಮೊದಲು ಮಣ್ಣಿನ ಚಟ್ಟಿ ಇತ್ತು. ಅದು ಒಡೆಯುತ್ತದೆ, ಗ್ಯಾಸಿನ ಮೇಲೆ ಬೇಗ ಕಾಯುವುದಿಲ್ಲ ಎಂದು ಬದಲಿಸಿದ್ದೆವು. ಬಂಗುಡೆಯ ಹುಣಸೆಹುಳಿಯ ಸಾರು ರಾತ್ರಿಯಿಡೀ ಅದರಲ್ಲೇ ಕೂತು ಮರುದಿನ ರುಚಿ ಹೆಚ್ಚುತ್ತದೆ ಎಂದು ಹೇಳಿಕೊಂಡು ಉಣ್ಣುತ್ತಿದ್ದೆವು. ಹೂವಿನ ತಟ್ಟೆಗೆ ಹೆದರಿ ಮನೆಯಿಂದ ಹೊರಹಾಕಿದ ನಾವು ಈ ಪಾತ್ರೆಯನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ನೋಡಿದ್ದರೂ ಅದರ ಬೆನ್ನಿನ ಮೇಲೆ ಓದಲು ಏನೂ ಇರಲಿಲ್ಲ.

ಅಲ್ಯೂಮಿನಿಯಂ ಬಗ್ಗೆಯೂ ಹೆದರಿಕೆಗಳಿವೆ, ಮರೆವಿನ ಕಾಯಿಲೆ ಬರುತ್ತದೆ ಎಂಬುದು ಅವುಗಳಲ್ಲಿ ದೊಡ್ಡದು. ಎಷ್ಟೋ ದಶಕಗಳಿಂದ ಹುಡುಕಿದರೂ ಅಡುಗೆ ಪಾತ್ರೆಗೂ ಆ ಕಾಯಿಲೆಗೂ ಸಂಬಂಧ ಸಾಬೀತಾಗಿಲ್ಲ. ಹುಳಿಗೆ ಸ್ವಲ್ಪ ಅಲ್ಯೂಮಿನಿಯಂ ಕರಗುತ್ತದೆ, ಆರೋಗ್ಯವಂತ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಮೂತ್ರಪಿಂಡ ಕೆಟ್ಟವರು ಜಾಗ್ರತೆ ಮಾಡಬೇಕು. ನಿಜವಾದ ಅಪಾಯ ಅದರೊಳಗೆ ಏನು ಬೆರೆತಿದೆ ಎಂಬುದರಲ್ಲಿದೆ. ಸಣ್ಣ ಕುಲುಮೆಗಳಲ್ಲಿ ಹಳೆಯ ಎಂಜಿನ್ ಭಾಗ, ಡಬ್ಬಿ, ತಂತಿ, ಗುಜರಿಯ ಚೂರು ಎಲ್ಲವನ್ನೂ ಒಟ್ಟಿಗೆ ಕರಗಿಸಿ ಪಾತ್ರೆ ಎರಕ ಹೊಯ್ದರೆ ಆ ಗುಜರಿಯೊಳಗಿನ ಸೀಸವೂ ಪಾತ್ರೆಗೆ ಬರುತ್ತದೆ, ಹುಳಿ ಅದನ್ನು ಸಾರಿಗೆ ಇಳಿಸುತ್ತದೆ.

ಸೀಸ ದೇಹಕ್ಕೆ ಸುಣ್ಣದಂಶದ ವೇಷ ಹಾಕಿಕೊಂಡು ಹೋಗುತ್ತದೆ. ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಇರುತ್ತದೆ, ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ. ಒಂದೇ ಮೂಲದಿಂದ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಪ್ರಕಟಿಸಿದ ವರದಿಯಲ್ಲಿ, ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದೆ ಎಂಬ ಅಂದಾಜಿತ್ತು. ಭಾರತದಲ್ಲಿ ಅಂಥ ಮಕ್ಕಳ ಸಂಖ್ಯೆ ಸುಮಾರು 27.5 ಕೋಟಿ. ಎಲ್ಲವೂ ಪಾತ್ರೆಯಿಂದ ಬಂದದ್ದಲ್ಲ, ಹಳೆಯ ಬ್ಯಾಟರಿ ಒಡೆಯುವ ಜಾಗಗಳು, ಬಣ್ಣ, ಕಲಬೆರಕೆ ಸಾಂಬಾರ ಪುಡಿ ಕೂಡ ಕಾರಣ. ಆದರೆ ಪಾತ್ರೆಯೂ ಆ ಪಟ್ಟಿಯಲ್ಲಿದೆ.

ಅಮೆರಿಕದ ಸಿಯಾಟಲ್ ಸುತ್ತಮುತ್ತ ನೆಲೆಸಿದ ಆಫ್ಘನ್ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದನ್ನು ಅಲ್ಲಿನ ಆರೋಗ್ಯ ಕಾರ್ಯಕರ್ತರು ಕಂಡರು. ಮನೆಗಳಲ್ಲಿ ಹುಡುಕಿದಾಗ ಅನುಮಾನ ಬಂದದ್ದು ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗಳ ಮೇಲೆ. ಊರಿನಲ್ಲಿ ಬಳಸುತ್ತಿದ್ದಂಥದೇ ಪ್ರೆಶರ್ ಕುಕ್ಕರುಗಳೂ ಅವುಗಳಲ್ಲಿದ್ದವು. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಂಥ ಹಲವು ಪಾತ್ರೆಗಳಿಂದ ಅಪಾಯಕಾರಿ ಪ್ರಮಾಣದ ಸೀಸ ಇಳಿದದ್ದು ಕಂಡುಬಂತು, ಸ್ಟೀಲಿನ ಪಾತ್ರೆಗಳಿಂದ ಇಳಿದದ್ದು ಬಹಳ ಕಡಿಮೆ. 2024ರಲ್ಲಿ ವಾಷಿಂಗ್ಟನ್ ರಾಜ್ಯ ಅಡುಗೆ ಪಾತ್ರೆಯ ಸೀಸಕ್ಕೆ ಮಿತಿ ಹಾಕುವ ಕಾನೂನು ಮಾಡಿತು. ಮನೆಮಠ ಕಳೆದುಕೊಂಡು ಹೋದ ತಾಯಿಗೆ ತನ್ನೂರಿನ ಪಾತ್ರೆ ಎಂಥ ಆಸರೆಯೆಂಬುದನ್ನು ಊಹಿಸಬಲ್ಲೆವು. ಅದೇ ತನ್ನ ಮಗುವಿಗೆ ಕೇಡು ಮಾಡುತ್ತಿದೆ ಎಂದು ಕೇಳಿದಾಗ ಆಕೆಗೆ ಹೇಗಾಗಿರಬೇಕು!

ಇದನ್ನೆಲ್ಲ ಓದುವಾಗ ನಮಗೆ ತೀರಿಹೋದ ತಂದೆಯವರ ನೆನಪಾಯಿತು. ಆಗೆಲ್ಲ ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ಅಂಗಳದಲ್ಲಿ ಗುಂಡಿ ತೋಡಿ ತಿದಿ ಒತ್ತಿ, ಬಿರಿಯಾನಿಯ ತಾಮ್ರದ ಪಾತ್ರೆಗಳನ್ನು ಕಾಯಿಸಿ, ನವಸಾಗರ ಎರಚಿ, ತವರ ಸವರಿ, ಹತ್ತಿಯಲ್ಲಿ ಉಜ್ಜುತ್ತಿದ್ದರು. ಹೊಗೆಯ ನಡುವಿನಿಂದ ಪಾತ್ರೆ ಬೆಳ್ಳಿಯಂತೆ ಹೊರಬರುತ್ತಿತ್ತು. ಮಕ್ಕಳಾದ ನಾವು ಅದನ್ನು ನೋಡಲು ಮುಗಿಬೀಳುತ್ತಿದ್ದೆವು. ತಂದೆ ಮಾತ್ರ ಕೆಲಸ ಶುರುವಾಗುವ ಮೊದಲು ತವರದ ಕಡ್ಡಿಯೊಂದನ್ನು ಕೇಳಿ ಪಡೆದು, ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಶುದ್ಧ ತವರ ಬಗ್ಗಿಸಿದಾಗ ಕಿರುಗುಟ್ಟುತ್ತದೆ. ಸೀಸ ಬೆರೆತರೆ ಆ ಸದ್ದು ಅಡಗುತ್ತದೆ. ಆಮೇಲೆ ಕಡ್ಡಿಯನ್ನು ಕಾಗದದ ಮೇಲೆ ಎಳೆದು ನೋಡುತ್ತಿದ್ದರು. ಸೀಸವಾದರೆ ಕಪ್ಪು ಗೆರೆ ಬೀಳುತ್ತದೆ. ಸೀಸ ಅಗ್ಗ, ಬೆರೆಸಿದರೆ ಬೇಗ ಕರಗುತ್ತದೆ, ಹೊಳಪಿಗೇನೂ ಕಡಿಮೆಯಿಲ್ಲ. ಕಲಾಯಿಯ ಹಿರಿಯರು ತಂದೆಯ ಈ ಪರೀಕ್ಷೆಗೆ ಬೇಸರಪಡುತ್ತಿರಲಿಲ್ಲ, ನಗುತ್ತಾ ಕಡ್ಡಿ ಕೊಡುತ್ತಿದ್ದರು. ಒಳಗೇನಿದೆ ಎಂದು ಕೇಳುವುದು ಅವಮಾನವಲ್ಲ ಎಂಬ ನಂಬಿಕೆ ಎರಡೂ ಕಡೆ ಇತ್ತು. ಪಾತ್ರೆ ಮಾಡುವವರ ಮುಖ ನೋಡಿ ಪ್ರಶ್ನೆ ಕೇಳುವ ಆ ಅಭ್ಯಾಸ, ಸಂತೆಯಿಂದ ತೂಕಕ್ಕೆ ಪಾತ್ರೆ ತರಲು ಶುರುಮಾಡಿದ ಮೇಲೆ ನಮ್ಮ ಮನೆಯಿಂದ ಹೋಯಿತು.

ಸಂತೆಯ ಆ ಪಾತ್ರೆಯ ಮಾತು ಬಂದಾಗಲೇ ನಮಗೆ ನೆನಪಾದದ್ದು, ಅದನ್ನು ಕೊಂಡ ದಿನ ಮನೆಗೆಲಸದ ಅಕ್ಕನೂ ಜೊತೆಗಿದ್ದಳು, ಅಂಥದೇ ಒಂದನ್ನು ಆಕೆಯೂ ಕೊಂಡಿದ್ದಳು ಎಂದು. ಈ ಸಲ ಸುಮ್ಮನಿರಲು ನಮಗೆ ಯಾವ ನೆಪವೂ ಉಳಿದಿರಲಿಲ್ಲ.

ಆಕೆಯ ಮನೆಗೆ ಹೋದಾಗ ಮಧ್ಯಾಹ್ನ ಕಳೆದಿತ್ತು. ಚಾಪೆ ಹಾಸಿ ಕೂರಿಸಿ, ಬೆಲ್ಲ ತೆಂಗಿನಕಾಯಿ ಬೆರೆಸಿದ ಅವಲಕ್ಕಿ ತಂದಿಟ್ಟಳು. ಅವಲಕ್ಕಿ ಇದ್ದದ್ದು ಅದೇ ತಟ್ಟೆಗಳಲ್ಲಿ. ಗುಲಾಬಿಗಳು ಮಾಸಿದ್ದವು, ಅಂಚು ಅಲ್ಲಲ್ಲಿ ಸವೆದಿತ್ತು. ಆಕೆಯ ಮೊಮ್ಮಗಳು ಪಕ್ಕದಲ್ಲಿ ಕೂತು ಅಂಥದೇ ಒಂದರಲ್ಲಿ ತಿನ್ನುತ್ತಿದ್ದಳು. ಬಾಯಿಗಿಟ್ಟ ಅವಲಕ್ಕಿ ನಮ್ಮ ಗಂಟಲಲ್ಲಿ ಇಳಿಯಲಿಲ್ಲ. ಪಾತ್ರೆಯ ವಿಷಯ ಹೇಳಲು ಹೋದವರು ಮೊದಲು ತಟ್ಟೆಯ ವಿಷಯ ಹೇಳಿದೆವು. ಆ ದಿನ ಹಳತಾಯಿತೆಂದು ಕೊಟ್ಟದ್ದಲ್ಲ, ಹೆದರಿ ಕೊಟ್ಟೆವು, ಕ್ಷಮಿಸು ಎಂದೆವು.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಗೊತ್ತಿತ್ತು' ಎಂದಳು. 'ಪಕ್ಕದ ಮನೆಯ ಹುಡುಗ ತಟ್ಟೆಯ ಹಿಂದಿನ ಹೆಸರು ಓದಿ ಪೇಪರಿನ ಸುದ್ದಿ ಹೇಳಿದ್ದ. ಇಷ್ಟು ಚಂದದ ತಟ್ಟೆ ಬಿಸಾಡಲು ಮನಸ್ಸು ಬರಲಿಲ್ಲ. ಎರಡು ತಿಂಗಳು ನಾನೊಬ್ಬಳೇ ಅದರಲ್ಲಿ ಉಂಡು ನೋಡಿದೆ. ನನಗೇನೂ ಆಗಲಿಲ್ಲ. ಆಮೇಲೆ ಮಕ್ಕಳಿಗೆ ಕೊಟ್ಟೆ.'

ಅಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆದ ಆಕೆ ಇದನ್ನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ನಾವು ಹೇಳಬೇಕಾದ ಕಷ್ಟದ ಮಾತು ಅಲ್ಲಿಯೇ ಇತ್ತು. ಆಕೆಯ ಆ ಪರೀಕ್ಷೆ ಸೀಸದ ಪಾತ್ರೆಗೆ ನಡೆಯುವುದಿಲ್ಲ. ಎರಡು ತಿಂಗಳಲ್ಲ, ಎರಡು ವರ್ಷ ಉಂಡರೂ ತಾಯಿಗೆ ಏನೂ ಆದಂತೆ ಕಾಣಲಿಕ್ಕಿಲ್ಲ. ಮಗು ಪಾಠದಲ್ಲಿ ಹಿಂದೆ ಬಿದ್ದರೆ, ಹಟಮಾರಿಯಾದರೆ, ಸೊರಗಿದರೆ ಪಾತ್ರೆಯನ್ನು ಯಾರು ಅನುಮಾನಿಸುತ್ತಾರೆ? ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಅದು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಅದನ್ನು ಹಿಡಿಯುವುದು ರಕ್ತಪರೀಕ್ಷೆ ಮತ್ತು ಪ್ರಯೋಗಾಲಯ ಮಾತ್ರ. ನಮ್ಮ ಪಾತ್ರೆಯಲ್ಲಿ ಸೀಸ ಇದ್ದೇ ಇತ್ತು ಎಂದು ನಾವು ಹೇಳುತ್ತಿಲ್ಲ. ಇಲ್ಲವೆಂದು ಹೇಳಬಲ್ಲವರು ಯಾರೂ ಇರಲಿಲ್ಲ, ಕಷ್ಟ ಇರುವುದೇ ಅದರಲ್ಲಿ. ಬಡವರ ಮನೆಯ ತಾಯಿ ತನ್ನ ಮೈಯನ್ನೇ ಪ್ರಯೋಗಾಲಯ ಮಾಡಿಕೊಳ್ಳುವ ಸ್ಥಿತಿ ಇರಬಾರದು. ಪಾತ್ರೆ ಅಂಗಡಿಗೆ ಬರುವ ಮೊದಲೇ ಅದರ ಪರೀಕ್ಷೆ ಮುಗಿದಿರಬೇಕು.

ನಮ್ಮ ದೇಶದಲ್ಲಿ ನಿಯಮಗಳಿಲ್ಲವೆಂದಲ್ಲ. ಸರಿಯಾಗಿ ಕಲಾಯಿ ಹಾಕದ ತಾಮ್ರ ಹಿತ್ತಾಳೆ ಪಾತ್ರೆ, ನಿಗದಿತ ಗುಣಮಟ್ಟದ್ದಲ್ಲದ ಅಲ್ಯೂಮಿನಿಯಂ ಪಾತ್ರೆ ಆಹಾರಕ್ಕೆ ಯೋಗ್ಯವಲ್ಲ ಎಂದು 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಬರೆದಿತ್ತು. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಸ್ಟೀಲು ಮತ್ತು ಅಲ್ಯೂಮಿನಿಯಂ ಅಡುಗೆ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವೆಂದು ಆದೇಶ ಹೊರಡಿಸಿತು. ಆ ಮುದ್ರೆ ಸಂತೆಯ ಪಾತ್ರೆಯವರೆಗೂ ತಲುಪಬೇಕು. ಅಂಗಡಿಯಲ್ಲಿ ನಾವು ಪಾತ್ರೆಯನ್ನು ತಿರುವಿ ನೋಡಿ, ಮುದ್ರೆ ಎಲ್ಲಿದೆ ಎಂದು ಕೇಳಿದರೆ ಅದು ಬೇಗ ತಲುಪೀತು. ತಂದೆಯವರು ತವರದ ಕಡ್ಡಿ ಬಗ್ಗಿಸಿ ಕೇಳುತ್ತಿದ್ದಂತೆ.

ಮರುವಾರ ಅಕ್ಕನೂ ನಾವೂ ಜೊತೆಯಾಗಿ ಪೇಟೆಗೆ ಹೋಗಿ ಮುದ್ರೆಯಿರುವ ಎರಡು ಸ್ಟೀಲಿನ ಪಾತ್ರೆ ತಂದೆವು, ಒಂದು ಆಕೆಗೆ, ಒಂದು ನಮಗೆ, ಎರಡೂ ಒಂದೇ ಅಳತೆಯವು. ಮೀನಿನ ಸಾರಿಗೆ ಎರಡು ಮಣ್ಣಿನ ಚಟ್ಟಿಗಳನ್ನೂ ತಂದೆವು. ಒಳಗೆ ಹೊಳಪಿನ ಲೇಪ ಇಲ್ಲದವನ್ನೇ ಆರಿಸಿದೆವು, ಏಕೆಂದರೆ ಆ ಹೊಳಪಿನಲ್ಲೂ ಕೆಲವೊಮ್ಮೆ ಸೀಸವಿರುತ್ತದೆ. ಉಳಿದದ್ದು ಹಳೆಯ ಪಾತ್ರೆಗಳ ಪ್ರಶ್ನೆ. ಗುಜರಿಗೆ ಕೊಟ್ಟರೆ ಅವು ಕುಲುಮೆಗೆ ಹೋಗಿ ಮತ್ತೆ ಯಾರದೋ ಒಲೆಯ ಮೇಲೆ ಬಂದು ಕೂರುತ್ತವೆ. ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ಈ ಸಲ ಯಾರ ಬಾಯಿಂದಲೂ ಬರಲಿಲ್ಲ. ಎರಡಕ್ಕೂ ತಳದಲ್ಲಿ ಮೊಳೆಯಿಂದ ತೂತು ಹೊಡೆದೆವು. ಈಗ ಅವುಗಳಲ್ಲಿ ಮಲ್ಲಿಗೆ ಗಿಡಗಳಿವೆ.